ಮಾತ್ರೆಗೆ ಮೊದಲಿನ ಮೂರು ವಾರ

ವಿಜ್ಞಾನದ ಅಧ್ಯಾಪಕನಾಗಿ 33 ವರ್ಷ ಕೊಡಗಿನ ಪ್ರೌಢಶಾಲೆಗಳಲ್ಲಿ ದುಡಿದ ನಾನು, ರಕ್ತಪರಿಚಲನೆಯ ಪಾಠವನ್ನು ಎಷ್ಟು ಬಾರಿ ಮಾಡಿದ್ದೇನೆಂಬುದಕ್ಕೆ ಲೆಕ್ಕವಿಟ್ಟಿಲ್ಲ. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಕಪ್ಪುಹಲಗೆಯ ಮೇಲೆ ನೀಲಿ ಮತ್ತು ಕೆಂಪು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ ಹೃದಯದ ಚಿತ್ರ ನೆನಪಿರಬಹುದು. ಬಲಭಾಗ ನೀಲಿ, ಎಡಭಾಗ ಕೆಂಪು. ಬಲ ಹೃತ್ಕುಕ್ಷಿಯಿಂದ ಹೊರಟು ಶ್ವಾಸಕೋಶಗಳಿಗೆ ಹೋಗುವ ರಕ್ತನಾಳಕ್ಕೆ ಪುಪ್ಫುಸ ಅಪಧಮನಿ ಎಂದು ಹೆಸರು. ಒಂದು ಅಂಕದ ಪ್ರಶ್ನೆಯಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಉತ್ತರ ಬರೆದು ಅಂಕ ಪಡೆದ ಮೇಲೆ ಆ ನಾಳವನ್ನು ನೆನೆಯುವ ಪ್ರಸಂಗ ಹೆಚ್ಚಿನವರ ಬಾಳಿನಲ್ಲಿ ಬರುವುದಿಲ್ಲ, ಬಾರದಿರುವುದೇ ಒಳ್ಳೆಯದು.

ನಮ್ಮ ಕುಟುಂಬದಲ್ಲಿ ಆ ಪ್ರಸಂಗ ಬಂದಿತು. ನನ್ನ ತಂಗಿಯ ಮಗಳಿಗೆ ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಅತಿಯಾಗಿ ಏರುವ ಕಾಯಿಲೆ ಇದೆಯೆಂದು ತಿಳಿಯಿತು. ಅವಳ ವಯಸ್ಸು 29. ಮದುವೆಯಾಗಿ ಎರಡು ವರ್ಷವಾಗಿತ್ತು. ಈ ಬರಹದಲ್ಲಿ ಅವಳ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಬರೆಯಲೇ ಬೇಡವೇ ಎಂದು ನಾನು ಹಿಂದೆಮುಂದೆ ನೋಡುತ್ತಿದ್ದಾಗ, "ಬರೆಯಿರಿ ಮಾವ, ನಿಮ್ಮ ಹಳೆಯ ಹುಡುಗಿಯರಲ್ಲಿ ಯಾರಿಗಾದರೂ ಉಪಯೋಗವಾದೀತು" ಎಂದು ಅವಳೇ ಹೇಳಿದಳು. ಆ ಮಾತಿನ ಬಲದಿಂದ ಬರೆಯುತ್ತಿದ್ದೇನೆ.

ಕಾಫಿ ಕೊಯ್ಲಿನ ಕಾಲದಲ್ಲಿ ರಸ್ತೆಯಿಂದ ಮನೆಯವರೆಗಿನ ಏರು ಹತ್ತುವಾಗ ಅವಳಿಗೆ ಏದುಸಿರು ಬರತೊಡಗಿತು. ಮನೆಯವರು ರಕ್ತ ಕಡಿಮೆಯಿರಬೇಕೆಂದರು. ನೆರೆಯವರು ಮದುವೆಯಾದ ಮೇಲೆ ಮೈ ಬಂದಿದೆಯೆಂದರು. ಒಂದು ದಿನ ಅದೇ ಏರಿನಲ್ಲಿ ಕಣ್ಣು ಕತ್ತಲೆಗಟ್ಟಿ ಕುಸಿದಳು. ಮಡಿಕೇರಿಯಲ್ಲಿ ಎಕೋ ಪರೀಕ್ಷೆ ಮಾಡಿದ ವೈದ್ಯರು ಹೃದಯದ ಬಲಭಾಗ ಹಿಗ್ಗಿದೆಯೆಂದು ತಿಳಿಸಿ, ತಡಮಾಡದೆ ಮೈಸೂರಿಗೆ ಹೋಗಿರೆಂದು ಚೀಟಿ ಬರೆದುಕೊಟ್ಟರು. ಅಲ್ಲಿನ ಆಸ್ಪತ್ರೆಗೆ ಅವಳ ಗಂಡ, ತಂಗಿ ಮತ್ತು ನಾನು ಜೊತೆಗೆ ಹೋದೆವು.

ನಮಗಿದ್ದ ನಿರೀಕ್ಷೆ ಸರಳವಾದುದು. ರೋಗದ ಹೆಸರು ತಿಳಿಯಿತು. ಇನ್ನು ಮಾತ್ರೆ ಬರೆದುಕೊಡುತ್ತಾರೆ. ತೆಗೆದುಕೊಂಡು ಸಂಜೆಯೊಳಗೆ ಊರು ಸೇರುವುದು. ಆದರೆ ಅಲ್ಲಿನ ವೈದ್ಯೆ, ನನ್ನ ಮಗಳ ವಯಸ್ಸಿನವರು, ಮೊದಲ ದಿನ ಈ ಕಾಯಿಲೆಗೆಂದು ಒಂದು ಮಾತ್ರೆಯನ್ನೂ ಬರೆಯಲಿಲ್ಲ. ಕಾಲಿನ ಬಾವಿಗೆ ನೀರಿಳಿಸುವ ಮಾತ್ರೆಯೊಂದನ್ನು ಮಾತ್ರ ಕೊಟ್ಟು, ಮಿಕ್ಕದ್ದನ್ನು ಆರಂಭಿಸಲು ಸುಮಾರು ಮೂರು ವಾರ ಬೇಕೆಂದರು. ಅಳಿಯನಿಗೆ ಸಿಟ್ಟು ಬಂದಿತು. "ಕಾಯಿಲೆ ಇದೆ ಅಂತ ನೀವೇ ಹೇಳ್ತೀರಿ, ಔಷಧಿ ಕೊಡೋದಕ್ಕೆ ಯಾಕೆ ತಡ?" ಎಂದು ಕೇಳಿಯೇ ಬಿಟ್ಟ. ಅವರು ಬೇಸರಿಸದೆ, "ಇದು ತಡ ಅಲ್ಲ, ಚಿಕಿತ್ಸೆ ಇವತ್ತಿನಿಂದಲೇ ಶುರುವಾಗಿದೆ" ಎಂದರು. ಆ ಮಾತಿನ ಅರ್ಥ ಮುಂದಿನ ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ನನಗೆ ತಿಳಿಯಿತು. ತಿಳಿದುದನ್ನು ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಮೊದಲನೆಯ ಪ್ರಶ್ನೆ, ಇದು ಯಾವ ಬಗೆಯ ಒತ್ತಡ ಎಂಬುದು. ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರುವುದಕ್ಕೆ ಕಾರಣ ಒಂದೇ ಅಲ್ಲ. ವೈದ್ಯರು ಅದನ್ನು ಐದು ಗುಂಪುಗಳಾಗಿ ವಿಂಗಡಿಸಿದ್ದಾರೆ. ಆ ನಾಳಗಳೇ ಕಿರಿದಾಗುವುದು ಮೊದಲ ಗುಂಪು. ಹೃದಯದ ಎಡಭಾಗದ ದೋಷದಿಂದ ಒತ್ತಡ ಹಿಮ್ಮುಖವಾಗಿ ಏರುವುದು ಎರಡನೆಯದು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ನಮ್ಮ ದೇಶದಲ್ಲಿ ಬಹಳ ಮಂದಿ ಇದ್ದು, ಅವರು ಈ ಗುಂಪಿಗೆ ಸೇರುತ್ತಾರೆ. ಶ್ವಾಸಕೋಶದ ದೀರ್ಘಕಾಲದ ರೋಗಗಳಿಂದ ಬರುವುದು ಮೂರನೆಯದು; ಬೀಡಿ, ಸಿಗರೇಟು ಮತ್ತು ಸೌದೆ ಒಲೆಯ ಹೊಗೆಗೆ ಇಲ್ಲಿ ದೊಡ್ಡ ಪಾಲಿದೆ. ನಾಳಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗದೆ ಉಳಿಯುವುದು ನಾಲ್ಕನೆಯದು. ಮಿಕ್ಕ ಹಲವು ಕಾರಣಗಳು ಐದನೆಯದರಲ್ಲಿ ಸೇರುತ್ತವೆ. ನಾಳಗಳನ್ನು ಹಿಗ್ಗಿಸುವ ವಿಶೇಷ ಮಾತ್ರೆಗಳು ಮುಖ್ಯವಾಗಿ ಮೊದಲ ಗುಂಪಿನವರಿಗಾಗಿ ಬಂದವು. ಎಡಭಾಗದ ದೋಷವಿರುವವರಿಗೆ ಅದೇ ಮಾತ್ರೆಯನ್ನು ಕೊಟ್ಟರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಕೆಳಗೆ ಕಟ್ಟೆ ಕಟ್ಟಿಕೊಂಡಿರುವಾಗ ಮೇಲಿನ ತೂಬನ್ನು ತೆರೆದಂತೆ, ಎಂದರೆ ಗದ್ದೆ ಮಾಡುವವರಿಗೆ ಅರ್ಥವಾದೀತು.

ಎಕೋ ಪರೀಕ್ಷೆ ಒತ್ತಡವನ್ನು ಅಂದಾಜು ಮಾಡುತ್ತದೆಯೇ ಹೊರತು ನೇರವಾಗಿ ಅಳೆಯುವುದಿಲ್ಲ. ಅಳೆಯಬೇಕಾದರೆ ಕುತ್ತಿಗೆಯ ಅಥವಾ ತೊಡೆಸಂದಿನ ಅಭಿಧಮನಿಯ ಮೂಲಕ ತೆಳುವಾದ ನಳಿಕೆಯೊಂದನ್ನು ಹೃದಯದ ಬಲಭಾಗದ ಮುಖಾಂತರ ಪುಪ್ಫುಸ ಅಪಧಮನಿಯವರೆಗೆ ತೂರಿಸಬೇಕು. ಆರೋಗ್ಯವಂತರಲ್ಲಿ ಅಲ್ಲಿನ ಸರಾಸರಿ ಒತ್ತಡ ಸುಮಾರು 14 ಮಿಲಿಮೀಟರ್ ಪಾದರಸ. ಮೊದಲು 25 ಮುಟ್ಟಿದರೆ ಕಾಯಿಲೆ ಎನ್ನುತ್ತಿದ್ದರು. 2018ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ನಡೆದ ತಜ್ಞರ ಸಮ್ಮೇಳನದ ಅನಂತರ 20ನ್ನು ಮೀರಿದರೆ ಕಾಯಿಲೆಯೆಂದು ಎಣಿಸತೊಡಗಿದರು. ನಮ್ಮ ಹುಡುಗಿಯದು 48 ಇತ್ತು. ಎಡಭಾಗದ ಒತ್ತಡ ಸಹಜವಾಗಿತ್ತು. ಹೆಪ್ಪುಗಟ್ಟಿದ ರಕ್ತವಿಲ್ಲವೆಂದು ಮತ್ತೊಂದು ಚಿತ್ರಣ ತೋರಿಸಿತು. ಆಗಲೇ ಮೊದಲ ಗುಂಪೆಂದು ನಿಶ್ಚಯವಾದುದು. ಆರು ನಿಮಿಷಗಳಲ್ಲಿ ಎಷ್ಟು ದೂರ ನಡೆಯಬಲ್ಲಳೆಂದು ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ನಡೆಸಿ ಅಳೆದರು, 310 ಮೀಟರ್. ಮಾತ್ರೆಗೆ ಮೊದಲಿನ ಅಳತೆ ಇಲ್ಲದಿದ್ದರೆ ಮಾತ್ರೆಯ ಫಲವನ್ನು ಯಾವುದರೊಡನೆ ಹೋಲಿಸುವುದು?

ಎರಡನೆಯ ದಿನದ ಪ್ರಶ್ನೆಗಳು ನನಗೆ ವಿಚಿತ್ರವೆನಿಸಿದವು. ತೂಕ ಇಳಿಸಲು ಎಂದಾದರೂ ಮಾತ್ರೆ ನುಂಗಿದ್ದುಂಟೇ? ನಾಟಿ ಔಷಧಿ? ಮನೆಯಲ್ಲಿ ಯಾರು ಯಾರು ಯಾವ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ? ತೂಕದ ಪ್ರಶ್ನೆಯ ಹಿಂದಿನ ಕತೆಯನ್ನು ಆಮೇಲೆ ಓದಿ ತಿಳಿದೆ. 1965ರ ಸುಮಾರಿಗೆ ಸ್ವಿಟ್ಜರ್‌ಲ್ಯಾಂಡ್, ಆಸ್ಟ್ರಿಯಾ ಮತ್ತು ಪಶ್ಚಿಮ ಜರ್ಮನಿಗಳಲ್ಲಿ ಅಮಿನೊರೆಕ್ಸ್ ಎಂಬ, ಹಸಿವನ್ನು ತಗ್ಗಿಸುವ ಮಾತ್ರೆ ಮಾರಾಟಕ್ಕೆ ಬಂದಿತು. ಕೆಲವೇ ವರ್ಷಗಳಲ್ಲಿ ಆ ದೇಶಗಳಲ್ಲಿ ಈ ಅಪರೂಪದ ಕಾಯಿಲೆ ಹಲವು ಪಟ್ಟು ಹೆಚ್ಚಿತು. 1968ರಲ್ಲಿ ಮಾತ್ರೆಯನ್ನು ಹಿಂತೆಗೆದುಕೊಂಡರು. ಆ ಆಘಾತದ ಫಲವಾಗಿಯೇ 1973ರಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕಾಯಿಲೆಯ ಕುರಿತು ಮೊದಲ ಸಭೆಯನ್ನು ಕರೆಯಿತು. ಒಂದು ಮಾತ್ರೆಯ ದುರಂತದಿಂದ ಒಂದು ಕಾಯಿಲೆಯ ಅಧ್ಯಯನಕ್ಕೆ ಚಾಲನೆ ದೊರೆಯಿತೆಂಬುದು ಯೋಚಿಸತಕ್ಕ ವಿಷಯ.

ಮನೆಯ ಮಾತ್ರೆಗಳ ಪ್ರಶ್ನೆ ಇನ್ನೂ ಹತ್ತಿರದ್ದು. ಅವಳ ಮಾವನಿಗೆ ಹೃದಯದ ತೊಂದರೆಯಿದೆ. ಎದೆನೋವು ಬಂದರೆ ನಾಲಗೆಯ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಆ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಸದಾ ಇರುತ್ತದೆ. ಯಾರಿಗೆ ಎದೆ ಹಿಡಿದಂತಾದರೂ ಅದನ್ನು ಕೊಡುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಇವಳಿಗೆ ಬರೆಯಲಿದ್ದ ಎರಡು ಮಾತ್ರೆಗಳಲ್ಲಿ ಒಂದು ಸಿಲ್ಡೆನಾಫಿಲ್. ಅದರೊಡನೆ ಈ ನೈಟ್ರೇಟ್ ಜಾತಿಯ ಮಾತ್ರೆ ಸೇರಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಅಪಾಯ. ಈ ಕಾಯಿಲೆಯಲ್ಲಿ ಎದೆನೋವು ಬರುವುದುಂಟು. ಬಂದಾಗ ಪ್ರೀತಿಯಿಂದಲೇ, ಅವಸರದಲ್ಲಿ, ಯಾರೋ ಡಬ್ಬಿಗೆ ಕೈಹಾಕಿದರೆ? ವೈದ್ಯೆಯ ಕಣ್ಣಿಗೆ ಮೈಸೂರಿನ ಕೋಣೆಯಿಂದಲೇ ನಮ್ಮ ಆ ಡಬ್ಬಿ ಕಂಡಿತ್ತು! ಅವಳ ಮಾತ್ರೆಗಳಿಗೆ ಬೇರೆ ಡಬ್ಬಿ, ಬೇರೆ ಕಪಾಟು ಎಂದು ಅಂದೇ ತೀರ್ಮಾನವಾಯಿತು. ಯಾವ ಆಸ್ಪತ್ರೆಗೆ ಹೋದರೂ, ಹಲ್ಲಿನ ವೈದ್ಯರಲ್ಲಿಗೆ ಹೋದರೂ, ಈ ಮಾತ್ರೆ ಸೇವಿಸುತ್ತಿದ್ದೇನೆಂದು ಬರೆದ ಚೀಟಿ ಅವಳ ಪರ್ಸಿನಲ್ಲಿರಬೇಕೆಂದೂ ಹೇಳಿದರು.

ಸಿಲ್ಡೆನಾಫಿಲ್ ಎಂಬ ಹೆಸರಿಗೆ ಇನ್ನೊಂದು ಖ್ಯಾತಿಯಿದೆ, ಓದುಗರಿಗೆ ಗೊತ್ತು. ಇಂಗ್ಲೆಂಡಿನಲ್ಲಿ ಹೃದಯದ ನೋವಿಗೆಂದು ಪರೀಕ್ಷಿಸಿದ ಈ ವಸ್ತು 1998ರಲ್ಲಿ ಪುರುಷರ ಸಮಸ್ಯೆಯೊಂದಕ್ಕೆ ಔಷಧಿಯಾಗಿ ಲೋಕಪ್ರಸಿದ್ಧವಾಯಿತು. ಶ್ವಾಸಕೋಶದ ಈ ಕಾಯಿಲೆಗೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 2005ರಲ್ಲಿ. ಒಂದು ಔಷಧಿ ಅಂಗಡಿಯಲ್ಲಿ ಚೀಟಿ ನೋಡಿದ ಹುಡುಗ ಪಕ್ಕದವನ ಮುಖ ನೋಡಿ ನಕ್ಕ. ಹುಡುಗಿಯ ಮುಖ ಕೆಂಪಾಯಿತು. ನಾನು ಅವನಿಗೆ ಗದರಿಸಲಿಲ್ಲ; ಮೇಷ್ಟರ ಅಭ್ಯಾಸದಂತೆ ಎರಡು ನಿಮಿಷ ಪಾಠ ಮಾಡಿದೆ. ಅವನು ಕೇಳಿದ, ನಗು ನಿಂತಿತು. ಸಣ್ಣ ಊರಿನಲ್ಲಿ ಇಂಥ ಒಂದು ನಗೆಗೆ ಹೆದರಿ ಮಾತ್ರೆ ಕೊಳ್ಳುವುದನ್ನೇ ಬಿಟ್ಟುಬಿಡುವವರು ಇರಬಹುದಲ್ಲವೇ? ಆದುದರಿಂದ ಹೇಳಿದೆ.

ಇನ್ನೊಂದು ಮಾತ್ರೆಯ ಹೆಸರು ಬೊಸೆಂಟಾನ್. ರಕ್ತನಾಳವನ್ನು ಬಲವಾಗಿ ಬಿಗಿಯುವ ಎಂಡೊಥೀಲಿನ್ ಎಂಬ ಪದಾರ್ಥವನ್ನು ಜಪಾನಿನ ವಿಜ್ಞಾನಿಗಳು 1988ರಲ್ಲಿ ಪ್ರಕಟಿಸಿದರು. ಅದರ ಕೆಲಸವನ್ನು ತಡೆಯುವ ಈ ಮಾತ್ರೆ 2001ರಲ್ಲಿ ಬಳಕೆಗೆ ಬಂದಿತು. ಕಾಯಿಲೆಗೆ ಒಳ್ಳೆಯದೇ, ಆದರೆ ಯಕೃತ್ತಿಗೆ ತೊಂದರೆ ಮಾಡಬಲ್ಲದು. ಆದಕಾರಣ ಆರಂಭಕ್ಕೆ ಮೊದಲು ಯಕೃತ್ತಿನ ರಕ್ತಪರೀಕ್ಷೆಯಾಗಬೇಕು, ಅನಂತರ ಪ್ರತಿ ತಿಂಗಳೂ ಆಗಬೇಕು. ಕಿಣ್ವಗಳ ಪ್ರಮಾಣ ಸಹಜ ಮಿತಿಯ ಮೂರು ಪಟ್ಟನ್ನು ಮೀರಿದರೆ ಪ್ರಮಾಣ ತಗ್ಗಿಸಬೇಕು ಅಥವಾ ನಿಲ್ಲಿಸಬೇಕು. ಅದನ್ನು ವೈದ್ಯರೇ ನಿರ್ಧರಿಸುತ್ತಾರೆ. ಹಿಮೋಗ್ಲೋಬಿನ್ ಇಳಿಯಬಹುದು, ಕಾಲು ಊದಿಕೊಳ್ಳಬಹುದು. ಮಧುಮೇಹಕ್ಕೆ ಕೊಡುವ ಗ್ಲಿಬೆನ್‌ಕ್ಲಮೈಡ್ ಎಂಬ ಮಾತ್ರೆಯೊಡನೆ ಇದನ್ನು ಸೇವಿಸಲೇ ಬಾರದು. ಸಿಲ್ಡೆನಾಫಿಲ್ಲಿನ ಬಲವನ್ನೂ ಇದು ಕುಗ್ಗಿಸುತ್ತದೆ. ಮೊದಲ ನಾಲ್ಕು ವಾರ ಕಡಿಮೆ ಪ್ರಮಾಣ, ಆಮೇಲೆ ಏರಿಕೆ.

ಇದೆಲ್ಲಕ್ಕಿಂತ ಕಠಿಣವಾದ ಮಾತು ಬೇರೊಂದಿತ್ತು. ಅದನ್ನು ಹೇಳುವ ಮೊದಲು ವೈದ್ಯೆ ನಮ್ಮನ್ನೆಲ್ಲ ನೋಡಿದರು. ನಾನು ಎದ್ದು ಹೊರಗೆ ಬಂದೆ; ತಂಗಿಯೂ ಬಂದಳು; ಕೊನೆಗೆ ಗಂಡನೂ ಬಂದ. ಅವಳೊಬ್ಬಳೊಡನೆ ಅರ್ಧ ಗಂಟೆ ಮಾತನಾಡಿದರು. ಬಳಿಕ ಗಂಡನನ್ನು ಒಳಗೆ ಕರೆದರು. ಒಳಗೆ ಆಡಿದ ಮಾತನ್ನು ಅವಳು ತಾನಾಗಿ ನನಗೆ ಹೇಳಿದ್ದು ಹಿಂದಿರುಗುವ ದಾರಿಯಲ್ಲಿ, ಹುಣಸೂರಿನಲ್ಲಿ ಕಾಫಿಗೆ ಇಳಿದಾಗ.

ಬೊಸೆಂಟಾನ್ ಗರ್ಭದಲ್ಲಿರುವ ಶಿಶುವಿಗೆ ತೀವ್ರವಾದ ಹಾನಿ ಮಾಡಬಲ್ಲದು. ಆದಕಾರಣ ಗರ್ಭವಿಲ್ಲವೆಂದು ಪರೀಕ್ಷೆಯಿಂದ ಖಚಿತವಾದ ಮೇಲೆಯೇ ಮೊದಲ ಮಾತ್ರೆ. ಅನಂತರ ತಿಂಗಳಿಗೊಮ್ಮೆ ಅದೇ ಪರೀಕ್ಷೆ. ಮಾತ್ರೆ ನಿಲ್ಲಿಸಿದರೂ ಮತ್ತೊಂದು ತಿಂಗಳು ಎಚ್ಚರ. ಗರ್ಭನಿರೋಧಕ ಗುಳಿಗೆಗಳ ಬಲವನ್ನು ಈ ಔಷಧಿಯೇ ಕುಗ್ಗಿಸುವುದರಿಂದ ಗುಳಿಗೆಯೊಂದನ್ನೇ ನಂಬುವಂತಿಲ್ಲ. ಬೇರೆ ಭದ್ರವಾದ ವಿಧಾನವೂ ಬೇಕು. ಔಷಧಿಯನ್ನು ಬದಿಗಿಟ್ಟು ನೋಡಿದರೂ, ಈ ಕಾಯಿಲೆಯಿರುವಾಗ ಬಸಿರಾಗುವುದು ತಾಯಿಯ ಪ್ರಾಣಕ್ಕೆ ಬಹು ದೊಡ್ಡ ಗಂಡಾಂತರ. ಗರ್ಭಕಾಲದಲ್ಲಿ ದೇಹದಲ್ಲಿ ಹರಿಯುವ ರಕ್ತ ಹೆಚ್ಚುತ್ತದೆ, ಬಿಗಿದ ನಾಳಗಳು ಅದನ್ನು ತಾಳಲಾರವು.

ಇಂಥ ಎಚ್ಚರಿಕೆ ಲೋಕಕ್ಕೆ ಸುಮ್ಮನೆ ಬಂದುದಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಎಂಬ ನಿದ್ರೆಯ ಮಾತ್ರೆಯನ್ನು ಬಸಿರಿಯರ ವಾಕರಿಕೆಗೂ ಕೊಟ್ಟರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲುಗಳ ನ್ಯೂನತೆಯೊಡನೆ ಹುಟ್ಟಿದ್ದರು. ಅಮೆರಿಕದಲ್ಲಿ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳಾ ಅಧಿಕಾರಿ, ಸುರಕ್ಷತೆಯ ಪುರಾವೆ ಸಾಲದೆಂದು ಕಂಪೆನಿಯ ಒತ್ತಾಯಕ್ಕೆ ಮಣಿಯದೆ ಅನುಮತಿಯನ್ನು ತಡೆಹಿಡಿದರು. ಅವರದೂ ಆಗ ವಿಳಂಬವೆಂದೇ ಕಂಡಿತ್ತು. ಆ ವಿಳಂಬದಿಂದ ಉಳಿದವರ ಸಂಖ್ಯೆಯನ್ನು ಯಾರು ಎಣಿಸಬಲ್ಲರು?

ಪುಸ್ತಕದ ವಿಷಯವನ್ನು ಹೀಗೆ ಬರೆಯುವುದು ಸುಲಭ. ಹುಣಸೂರಿನ ಹೋಟೆಲಿನಲ್ಲಿ ಕಾಫಿ ಆರುತ್ತಿದ್ದಂತೆ, "ಮಾವ, ಅತ್ತೆಗೆ ಯಾರು ಹೇಳುವುದು?" ಎಂದು ಅವಳು ಕೇಳಿದಾಗ ಉತ್ತರ ಸುಲಭವಾಗಿರಲಿಲ್ಲ. ಆಕೆ ಮೊಮ್ಮಗುವಿನ ದಾರಿ ಕಾಯುತ್ತಿರುವುದು ನಮಗೆಲ್ಲ ತಿಳಿದಿತ್ತು. ನಾನು ಹೇಳಲೇ ಎಂದೆ. ಬೇಡವೆಂದಳು. ಗಂಡ ತಾನು ಹೇಳುವೆನೆಂದ. "ಇಬ್ಬರೂ ಕೂತು ಹೇಳೋಣ" ಎಂದಳು. ಹಾಗೆಯೇ ಮಾಡಿದರು. ಆಕೆ ಏನೂ ಅನ್ನಲಿಲ್ಲವಂತೆ. ಎದ್ದು ಹೋಗಿ ಕೋಳಿಗಳನ್ನು ಗೂಡಿಗೆ ಅಟ್ಟಿದರಂತೆ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಿತ್ತು. ಮೂರನೆಯ ದಿನ ನನಗೆ ಫೋನ್ ಮಾಡಿ, "ಮೇಷ್ಟ್ರೇ, ಆ ಮಾತ್ರೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ?" ಎಂದು ಕೇಳಿದರು. ಬಲಹೃದಯ ಸೋಲುತ್ತದೆ ಎಂದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ತೆಗೆದುಕೊಳ್ಳಲಿ" ಎಂದು ಇಟ್ಟುಬಿಟ್ಟರು. ಆಕೆಗೆ ದುಃಖವಾಗಲಿಲ್ಲವೆಂದು ನಾನು ಹೇಳಲಾರೆ. ಆ ದುಃಖ ಆ ಮನೆಯಲ್ಲಿ ಇಂದಿಗೂ ಇದೆ.

ಮೂರು ವಾರ ಕಳೆದು ಮಾತ್ರೆ ಆರಂಭವಾಯಿತು. ಕೊಡಗಿನವರಾದ ನಮಗೆ ಇನ್ನೊಂದು ಎಚ್ಚರಿಕೆಯಿತ್ತು. ಈ ಮಾತ್ರೆಗಳನ್ನು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ನಿಲ್ಲಿಸಿದರೆ ಕಾಯಿಲೆ ಉಲ್ಬಣಿಸಬಹುದು. ಬಯಲುಸೀಮೆಯವರಿಗೆ ಇದು ಸಣ್ಣ ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡ ಜರಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯೇ ಕಡಿದುಹೋದುದನ್ನು ಕಂಡ ನಮಗೆ ಸಣ್ಣದಲ್ಲ. ಮಳೆಗಾಲಕ್ಕೆ ಸೌದೆ ಒಟ್ಟುವಂತೆ, ಜೂನ್ ಒಳಗೆ ಎರಡು ತಿಂಗಳ ಮಾತ್ರೆಯನ್ನು ವೈದ್ಯರ ಒಪ್ಪಿಗೆಯಿಂದ ತಂದಿಟ್ಟುಕೊಂಡೆವು. ತಿಂಗಳ ರಕ್ತಪರೀಕ್ಷೆಯನ್ನು ಮಡಿಕೇರಿಯಲ್ಲೇ ಮಾಡಿಸಿ ವರದಿಯನ್ನು ಫೋನಿನಲ್ಲಿ ಮೈಸೂರಿಗೆ ಕಳುಹಿಸುವ ವ್ಯವಸ್ಥೆಯಾಯಿತು. ಎತ್ತರದ ಪ್ರಶ್ನೆಯನ್ನೂ ಕೇಳಿದೆವು. ಸಮುದ್ರಮಟ್ಟದಿಂದ 1500 ಮೀಟರಿಗಿಂತ ಮೇಲಿನ ಜಾಗಗಳು ಇಂಥವರಿಗೆ ಒಳ್ಳೆಯದಲ್ಲ. ಮಡಿಕೇರಿ ಅದಕ್ಕಿಂತ ಕೆಳಗಿದೆ, ತಡಿಯಂಡಮೋಳ್ ಬೆಟ್ಟ ಮೇಲಿದೆ. ಬೆಟ್ಟ ಹತ್ತುವ ಆಸೆಯನ್ನು ಅವಳು ಬಿಟ್ಟಳು.

ಆಗಸ್ಟಿನಲ್ಲಿ ಕಕ್ಕಡ ಹದಿನೆಂಟು ಬಂದಿತು. ಆಟಿ ಹದಿನೆಂಟು ಎಂದೂ ಹೇಳುತ್ತೇವೆ. ಅಂದು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿಗಳು ಕೂಡಿರುತ್ತವೆಂಬ ನಂಬಿಕೆ. ಸೊಪ್ಪನ್ನು ಕುದಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡಿ ಮನೆಮಂದಿಯೆಲ್ಲ ತಿನ್ನುವುದು ಕೊಡಗಿನ ವಾಡಿಕೆ. ಹೊರಗಿನಿಂದ ಬಂದ ಓದುಗರಿಗಾಗಿ ಹೇಳಿದೆ. ಅಂದು ಬೆಳಿಗ್ಗೆ ಎಂಟು ಗಂಟೆಗೆ ಅವಳ ಅತ್ತೆಯ ಫೋನ್. "ಮೇಷ್ಟ್ರೇ, ಸೊಪ್ಪು ಕುದಿಯುತ್ತಿದೆ. ಅವಳಿಗೆ ಕೊಡಬಹುದೇ? ಡಾಕ್ಟರನ್ನು ಕೇಳಿ ಹೇಳಿ, ಅಲ್ಲಿಯವರೆಗೆ ನಾನು ಬಡಿಸುವುದಿಲ್ಲ."

ನಾನು ಮೈಸೂರಿಗೆ ಫೋನ್ ಮಾಡಿದೆ. ಆ ಸೊಪ್ಪಿನೊಡನೆ ಈ ಮಾತ್ರೆಗಳು ಹೇಗೆ ವರ್ತಿಸುತ್ತವೆಂದು ಪರೀಕ್ಷೆಯಾದುದು ತಮಗೆ ಕಂಡಿಲ್ಲ, ಯಕೃತ್ತಿನ ವರದಿಗಳನ್ನು ಗಮನಿಸುತ್ತಿರುವಾಗ ಹೊಸದೇನೂ ಸೇರದಿರುವುದು ಮೇಲು ಎಂದು ವೈದ್ಯೆ ಹೇಳಿದರು. ಅತ್ತೆ ಸೊಸೆಗೆಂದು ಬೇರೆ ಪಾತ್ರೆಯಲ್ಲಿ ಸೊಪ್ಪಿಲ್ಲದ ಪಾಯಸ ಮಾಡಿದರು, ಅದೇ ಅಕ್ಕಿ, ಅದೇ ಬೆಲ್ಲ, ಅದೇ ತೆಂಗಿನಕಾಯಿ. ತಲೆಮಾರುಗಳಿಂದ ಬಂದ ಮದ್ದನ್ನು ತಾವೂ ಬಿಡಲಿಲ್ಲ, ಅವಳಿಗೆ ಬಲವಂತವೂ ಮಾಡಲಿಲ್ಲ. ವಿಜ್ಞಾನದ ಮನೋಭಾವವೆಂದು ನಾವು ಪಾಠಯೋಜನೆಯಲ್ಲಿ ಬರೆಯುತ್ತಿದ್ದುದು ಇದನ್ನೇ ಅಲ್ಲವೇ? ಗೊತ್ತಿಲ್ಲದುದನ್ನು ಕೇಳುವುದು, ಉತ್ತರ ಬರುವ ತನಕ ಕೈ ತಡೆದು ನಿಲ್ಲುವುದು. ನಾಲ್ಕನೆಯ ತರಗತಿಯವರೆಗೆ ಓದಿದ ಆ ತಾಯಿ ಅದನ್ನು ನಡೆದು ತೋರಿಸಿದರು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರಿಗೆ ಈಗ ಐವತ್ತು ದಾಟಿದೆ. ಮನೆಯ ಹಿರಿಯರ ಮಾತ್ರೆಡಬ್ಬಿ ನಿಮ್ಮ ಕೈಗೆ ಬಂದಿರುತ್ತದೆ. ದೊಡ್ಡ ಕಾಯಿಲೆಗೆ ಹೊಸ ಮಾತ್ರೆ ಬಂದಾಗ ಇಷ್ಟನ್ನಾದರೂ ಕೇಳಿರಿ. ಕಾಯಿಲೆಯ ಬಗೆ ಖಚಿತವಾಗಿದೆಯೇ? ಆರಂಭಕ್ಕೆ ಮೊದಲು ಯಾವ ಪರೀಕ್ಷೆ, ಅನಂತರ ಎಷ್ಟು ದಿನಕ್ಕೊಮ್ಮೆ? ಈಗಿರುವ ಯಾವ ಮಾತ್ರೆ, ಸೊಪ್ಪು, ಕಷಾಯ ಇದಕ್ಕೆ ಕೂಡದು? ಹೆಣ್ಣುಮಕ್ಕಳಾದರೆ ಗರ್ಭದ ವಿಷಯವೇನು? ಯಾವ ಲಕ್ಷಣ ಕಂಡರೆ ಕೂಡಲೇ ತಿಳಿಸಬೇಕು? ಒಂದು ಹೊತ್ತು ತಪ್ಪಿದರೆ, ಮಾತ್ರೆ ಮುಗಿದರೆ, ದಾರಿ ಮುಚ್ಚಿದರೆ ಏನು ಮಾಡಬೇಕು? ನಾನು ವೈದ್ಯನಲ್ಲ. ಇಲ್ಲಿ ಬರೆದುದನ್ನು ಓದಿ ಯಾರೂ ಮಾತ್ರೆ ಆರಂಭಿಸಬಾರದು, ನಿಲ್ಲಿಸಲೂ ಬಾರದು. ಬರೆದುಕೊಂಡು ಹೋಗಿ ನಿಮ್ಮ ವೈದ್ಯರನ್ನು ಕೇಳಬೇಕು.

ಕಳೆದ ತಿಂಗಳು ಅದೇ ಮೊಗಸಾಲೆಯಲ್ಲಿ ಅವಳು ಆರು ನಿಮಿಷಕ್ಕೆ 370 ಮೀಟರ್ ನಡೆದಳು. ಯಕೃತ್ತಿನ ವರದಿ ಇದುವರೆಗೆ ಸಹಜವಾಗಿದೆ. ಕಾಯಿಲೆ ವಾಸಿಯಾಗಿಲ್ಲ, ಪೂರ್ತಿ ವಾಸಿಯಾಗುವ ಭರವಸೆಯನ್ನು ಯಾರೂ ಕೊಟ್ಟಿಲ್ಲ. ಊರಿನ ಮಕ್ಕಳಿಗೆ ಸಂಜೆ ಗಣಿತ ಹೇಳಿಕೊಡಲು ಆರಂಭಿಸಿದ್ದಾಳೆ. ಏಳೆಂಟು ಮಕ್ಕಳು ಬರುತ್ತಾರೆ. ಅವರ ಗದ್ದಲ ಹೆಚ್ಚಾದರೆ ಅತ್ತೆ ಒಳಗಿನಿಂದ ಗದರಿಸುತ್ತಾರೆ, ಹೊರಡುವಾಗ ಒಬ್ಬೊಬ್ಬರ ಕೈಗೂ ಒಂದೊಂದು ಬಾಳೆಹಣ್ಣು ಕೊಡುತ್ತಾರೆ.